ಮಧ್ಯಮ ಹಂತದ ಜರ್ಮನ್: ವ್ಯಾಕರಣ ಬಲ್ಲವರಿಗೂ ಓದು ಏಕೆ ಕಷ್ಟವಾಗುತ್ತದೆ?

ಪ್ರಶ್ನೆ: ನಾನು ಬಿ.ಎ. ಎರಡನೆಯ ವರ್ಷದ ವಿದ್ಯಾರ್ಥಿನಿ. ಇತಿಹಾಸದ ಜೊತೆಗೆ ಜರ್ಮನ್ ಭಾಷೆಯನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಂಡಿದ್ದೇನೆ. ಎ1ರಿಂದ ಸಿ2ರವರೆಗಿನ ಆರು ಹಂತಗಳ ಯುರೋಪಿನ ಭಾಷಾಮಟ್ಟದ ಏಣಿಯಲ್ಲಿ ಎರಡನೆಯದಾದ ಎ2 ಹಂತದವರೆಗೆ ಒಳ್ಳೆಯ ಅಂಕಗಳು ಬಂದವು. ಅದರ ಮುಂದಿನ ಬಿ1 ಆರಂಭವಾದ ಮೇಲೆ, ವ್ಯಾಕರಣದ ನಿಯಮಗಳೂ ಹೆಚ್ಚಿನ ಪದಗಳೂ ಗೊತ್ತಿದ್ದರೂ ಅರ್ಧ ಪುಟ ಓದುವಷ್ಟರಲ್ಲಿ ದಿಕ್ಕು ತಪ್ಪುತ್ತದೆ. ಸಾಲದ್ದಕ್ಕೆ ಸಣ್ಣಕಥೆ, ಬರ್ಲಿನ್ ಗೋಡೆ, ಸಂವಿಧಾನ, ವಲಸೆ ಎಂದು ಪಠ್ಯದ ಅರ್ಧಭಾಗ ಸಂಸ್ಕೃತಿಗೇ ಮೀಸಲಾಗಿದೆ. ನನಗೆ ಬೇಕಿರುವುದು ಭಾಷೆ. ಸಂಸ್ಕೃತಿಯ ಭಾಗವನ್ನು ಪರೀಕ್ಷೆಗೆ ಬೇಕಾದಷ್ಟು ಮಾತ್ರ ನೋಡಿಕೊಂಡು ಭಾಷೆಯ ಮೇಲೆ ಗಮನ ಇಟ್ಟರೆ ಸಾಲದೇ? ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದೇ ನನ್ನ ತೊಡಕಿಗೆ ಕಾರಣವಿರಬಹುದೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಉಳಿದ ತೊಡಕಿನ ಪರಿಹಾರದ ದೊಡ್ಡ ಪಾಲು ಅದರಲ್ಲೇ ಇದೆ. ಕನ್ನಡ ಮಾಧ್ಯಮದ ಓದು ನಿಮಗೆ ಅಡ್ಡಿಯಾಗಿಲ್ಲ. ಮಧ್ಯಮ ಹಂತದ ಜರ್ಮನ್ ವಾಕ್ಯವನ್ನು ಬಿಡಿಸುವುದಕ್ಕೆ ಬೇಕಾದ ಹಲವು ಅಭ್ಯಾಸಗಳು ಕನ್ನಡದಲ್ಲಿ ಬೆಳೆದ ಮನಸ್ಸಿಗೆ ಹುಟ್ಟಿನಿಂದಲೇ ಇವೆ. ಆದರೆ ನಮ್ಮ ತರಗತಿಗಳಲ್ಲಿ ಜರ್ಮನ್ ಅನ್ನು ಇಂಗ್ಲಿಷಿನ ಮೂಲಕವೇ ವಿವರಿಸುವ ರೂಢಿ ಇರುವುದರಿಂದ ಆ ಅಭ್ಯಾಸಗಳನ್ನು ಬಳಸಿಕೊಳ್ಳುವ ಅವಕಾಶ ವಿದ್ಯಾರ್ಥಿಗೆ ಸಿಗುವುದೇ ಇಲ್ಲ. ಇಂಗ್ಲಿಷ್ ವಿವರಣೆ ಆರಂಭದ ಹಂತದಲ್ಲಿ ಸಾಕಷ್ಟು ಕೆಲಸ ಮಾಡುತ್ತದೆ. ಬಿ1ಕ್ಕೆ ಬರುವಷ್ಟರಲ್ಲಿ ಅದರ ಉಪಯೋಗ ತಗ್ಗುತ್ತದೆ, ನಿಮಗೆ ಈಗ ಎದುರಾಗಿರುವುದು ಆ ಘಟ್ಟವೇ.

ಎ2 ಮತ್ತು ಬಿ1ರ ನಡುವೆ ಏನು ಬದಲಾಗುತ್ತದೆ ಎಂಬುದನ್ನು ನೋಡೋಣ. ಎ2 ಹಂತದ ಪಾಠದಲ್ಲಿ ವಾಕ್ಯಗಳು ಗಿಡ್ಡ, ಒಂದು ವಾಕ್ಯಕ್ಕೆ ಒಂದು ವಿಷಯ, ಮತ್ತು ಕ್ರಿಯಾಪದ ಎರಡನೆಯ ಸ್ಥಾನದಲ್ಲಿ ಕಣ್ಣಿಗೆ ಬೀಳುವಂತೆ ಕುಳಿತಿರುತ್ತದೆ. ಬಿ1ರಲ್ಲಿ ಅಧೀನ ವಾಕ್ಯಗಳು, ಅಂದರೆ ಮುಖ್ಯ ವಾಕ್ಯವನ್ನು ಆಶ್ರಯಿಸಿ ನಿಲ್ಲುವ ಉಪವಾಕ್ಯಗಳು, ಹೆಚ್ಚಾಗುತ್ತವೆ. ಅವುಗಳಲ್ಲಿ ಕ್ರಿಯಾಪದ ಕೊನೆಗೆ ಸರಿಯುತ್ತದೆ. ಭೂತಕಾಲದಲ್ಲಿಯೂ ಕರ್ಮಣಿ ಪ್ರಯೋಗದಲ್ಲಿಯೂ ಕ್ರಿಯಾಪದ ಎರಡಾಗಿ ಒಡೆದು, ಸಹಾಯಕ ಕ್ರಿಯೆ ಮುಂದೆ, ಮುಖ್ಯ ಅರ್ಥವನ್ನು ಹೊತ್ತ ಕೃದಂತ ವಾಕ್ಯದ ತುದಿಗೆ, ಹೀಗೆ ಒಂದು ಆವರಣ ಕಟ್ಟಿಕೊಳ್ಳುತ್ತದೆ. ಜರ್ಮನ್ ಕಲಿಸಿ ಪರೀಕ್ಷೆ ನಡೆಸುವ ಗೊಯೆಥೆ ಸಂಸ್ಥೆಯ ಬಿ1 ಪದಪಟ್ಟಿಯಲ್ಲಿ ಸುಮಾರು 2400 ಪದಗಳಿವೆ. ಅಷ್ಟನ್ನೂ ಬಾಯಿಪಾಠ ಮಾಡಿದವರು ಕೂಡ ಓದುವಾಗ ಎಡವುವುದನ್ನು ನಾನು ಪ್ರತಿ ವರ್ಷವೂ ಕಾಣುತ್ತೇನೆ. ಅವರಿಗೆ ಕೊರತೆಯಿರುವುದು ವಾಕ್ಯದ ಕೊನೆಯವರೆಗೆ ಅರ್ಥವನ್ನು ತಡೆದು ಹಿಡಿಯುವ ತಾಳ್ಮೆ. ಇಂಗ್ಲಿಷಿನಲ್ಲಿ ಯೋಚಿಸುವ ಓದುಗ ಕರ್ತೃವಿನ ಹಿಂದೆಯೇ ಕ್ರಿಯೆಯನ್ನು ನಿರೀಕ್ಷಿಸುತ್ತಾನೆ, ಅದು ಸಿಗದಿದ್ದಾಗ ಗಾಬರಿಯಾಗುತ್ತಾನೆ.

ಕನ್ನಡದ ಓದುಗರಿಗೆ ಈ ಗಾಬರಿ ಬೇಕಿಲ್ಲ. 'ವೈಲ್ ಇಶ್ ಗೆಸ್ಟರ್ನ್ ಮಿಟ್ ಮೈನರ್ ಮುಟ್ಟರ್ ಇನ್ ಡೇರ್ ಶ್ಟಾಟ್ ವಾರ್' ಎಂಬ ಅಧೀನ ವಾಕ್ಯವನ್ನು ತೆಗೆದುಕೊಳ್ಳಿ. ನಾನು ನಿನ್ನೆ ನನ್ನ ತಾಯಿಯೊಂದಿಗೆ ಪೇಟೆಯಲ್ಲಿ ಇದ್ದುದರಿಂದ, ಎಂಬುದು ಇದರ ಕನ್ನಡ. 'ಏಕೆಂದರೆ' ಎಂಬ ಅರ್ಥದ ಮೊದಲ ಪದವೊಂದನ್ನು ಬಿಟ್ಟರೆ ಉಳಿದ ಪದಗಳ ಸರಣಿ ಎರಡೂ ಭಾಷೆಗಳಲ್ಲಿ ಒಂದೇ: ಯಾರು, ಯಾವಾಗ, ಯಾರೊಂದಿಗೆ, ಎಲ್ಲಿ, ಕೊನೆಗೆ ಕ್ರಿಯೆ. ಇದಕ್ಕಿಂತಲೂ ಹೆಚ್ಚಿನ ನೆರವು ಪತ್ರಿಕೆಗಳ ಭಾಷೆಯಲ್ಲಿ ಸಿಗುತ್ತದೆ. ನಾಮಪದಕ್ಕೂ ಅದರ ಮುಂದೆ ಬಂದು ಲಿಂಗವನ್ನು ಸೂಚಿಸುವ ಆರ್ಟಿಕಲ್‌ಗೂ ('ಡೇರ್', 'ಡೀ', 'ದಾಸ್') ನಡುವೆ ಇಡೀ ಒಂದು ವಾಕ್ಯವನ್ನೇ ತುರುಕಿದಂತೆ ಕಾಣುವ ಕೃದಂತ ವಿಶೇಷಣಗಳು ಜರ್ಮನ್ ವರದಿಗಳಲ್ಲಿ ಮತ್ತು ವಿದ್ವತ್ ಬರಹಗಳಲ್ಲಿ ಹೇರಳವಾಗಿವೆ. 'ಡೀ ಗೆಸ್ಟರ್ನ್ ಇಮ್ ಪಾರ್ಲಮೆಂಟ್ ಬೆಶ್ಲೋಸೆನೆ ರೆಫೋರ್ಮ್' ಎಂಬುದನ್ನು ಇಂಗ್ಲಿಷಿಗೆ ತರಬೇಕಾದರೆ ನಾಮಪದವನ್ನು ಮುಂದಕ್ಕೆ ಎಳೆದು ಉಳಿದದ್ದನ್ನು ಅದರ ಹಿಂದೆ ಜೋಡಿಸಬೇಕು. ಕನ್ನಡದಲ್ಲಿ ಅದು ಪದಕ್ಕೆ ಪದವಾಗಿ ಇಳಿಯುತ್ತದೆ: ನಿನ್ನೆ ಸಂಸತ್ತಿನಲ್ಲಿ ಅಂಗೀಕಾರವಾದ ಸುಧಾರಣೆ. 'ಅವನು ಕೊಟ್ಟ ಪುಸ್ತಕ', 'ಮಳೆಯಲ್ಲಿ ನೆನೆದ ಬಟ್ಟೆ' ಎಂದು ದಿನವೂ ಮಾತನಾಡುವ ನಮಗೆ ಈ ರಚನೆ ಸಹಜವಾದದ್ದು. ಬಿ2 ಹಂತದಲ್ಲಿ ಇತರರು ಹೆದರುವ ಈ ಭಾಗದಲ್ಲಿ, ವಾಕ್ಯವನ್ನು ಮನಸ್ಸಿನಲ್ಲಿ ನೇರವಾಗಿ ಕನ್ನಡಕ್ಕೆ ಇಳಿಸಿಕೊಳ್ಳುವ ವಿದ್ಯಾರ್ಥಿಗಳು ಎಷ್ಟು ನಿರಾಯಾಸವಾಗಿ ಮುಂದೆ ಹೋಗುತ್ತಾರೆಂಬುದನ್ನು ನೋಡುವುದು ನನಗೆ ಬೋಧನೆಯ ದೊಡ್ಡ ಸಂತೋಷಗಳಲ್ಲೊಂದು.

ವಿಭಕ್ತಿಗಳ ವಿಷಯವೂ ಹೀಗೆಯೇ, ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. 'ಮಿರ್ ಇಸ್ಟ್ ಕಾಲ್ಟ್' ಎಂದರೆ ನನಗೆ ಚಳಿಯಾಗುತ್ತಿದೆ; 'ದಾಸ್ ಎಸ್ಸೆನ್ ಶ್ಮೆಕ್ಟ್ ಮಿರ್' ಎಂದರೆ ಊಟ ನನಗೆ ರುಚಿಸುತ್ತಿದೆ. ಅನುಭವಿಸುವವರನ್ನು ಚತುರ್ಥಿಯಲ್ಲಿ ಇಡುವ ಈ ಕ್ರಮ ಎರಡೂ ಭಾಷೆಗಳಿಗೆ ಸಮಾನವಾದದ್ದು, ಇಂಗ್ಲಿಷಿನಲ್ಲಿ ಇಂದು ಬಳಕೆಯಲ್ಲಿಲ್ಲದ್ದು. ಇಂಗ್ಲಿಷಿನ ದಾರಿ ಹಿಡಿದವರು 'ಇಶ್ ಬಿನ್ ಕಾಲ್ಟ್' ಎಂದು ಬರೆದು, ತಮಗೆ ಚಳಿಯಾಗುತ್ತಿದೆ ಎನ್ನುವ ಬದಲು ತಾವು ಭಾವಶೂನ್ಯರೆಂದು ಹೇಳಿಕೊಂಡಂತಾಗುತ್ತದೆ. ಆದರೆ ಸ್ಥಳವನ್ನು ಸೂಚಿಸುವ ಒಂಬತ್ತು ಪೂರ್ವಪ್ರತ್ಯಯಗಳ ಗುಂಪಿನಲ್ಲಿ, ಅಂದರೆ ಒಮ್ಮೆ ದ್ವಿತೀಯೆಯನ್ನೂ ಇನ್ನೊಮ್ಮೆ ಚತುರ್ಥಿಯನ್ನೂ ಬೇಡುವ 'ಇನ್', 'ಆನ್', 'ಔಫ್' ಮೊದಲಾದವುಗಳಲ್ಲಿ, ನಮ್ಮ ವಿಭಕ್ತಿಗಳ ಹೆಸರು ದಾರಿ ತಪ್ಪಿಸುತ್ತದೆ. ಗ್ರಂಥಾಲಯಕ್ಕೆ ಹೋಗುವುದು, ಗ್ರಂಥಾಲಯದಲ್ಲಿ ಕೂರುವುದು ಎಂಬ ಭೇದ ಕನ್ನಡಿಗರಿಗೆ ಸ್ಪಷ್ಟ. ಆ ಭೇದವನ್ನು ನಂಬಬಹುದು. ಆದರೆ ನಾವು 'ಕ್ಕೆ' ಎಂದು ಚತುರ್ಥಿ ಬಳಸುವ ಕಡೆ ಜರ್ಮನ್ ದ್ವಿತೀಯೆಯನ್ನು ಬಳಸುತ್ತದೆ ('ಇನ್ ಡೀ ಬಿಬ್ಲಿಯೋಟೇಕ್'), ನಾವು ಸಪ್ತಮಿ ಬಳಸುವ ಕಡೆ ಅದು ಚತುರ್ಥಿಯನ್ನು ಬಳಸುತ್ತದೆ ('ಇನ್ ಡೇರ್ ಬಿಬ್ಲಿಯೋಟೇಕ್'). ಚಲನೆಯೋ ಸ್ಥಿತಿಯೋ ಎಂಬುದನ್ನು ಕನ್ನಡದಿಂದ ತಿಳಿಯಿರಿ, ವಿಭಕ್ತಿಯ ಹೆಸರನ್ನು ಮಾತ್ರ ಜರ್ಮನ್ ವ್ಯಾಕರಣದಿಂದಲೇ ತೆಗೆದುಕೊಳ್ಳಿ.

ಮಾತಿನ ಭಾಷೆಯಲ್ಲಿ ಅರ್ಥಕ್ಕಿಂತ ಧಾಟಿಯನ್ನು ಹೊರುವ 'ದೋಖ್', 'ಯಾ', 'ಮಾಲ್', 'ಹಾಲ್ಟ್' ಎಂಬ ಸಣ್ಣ ಪದಗಳು ಬಿ1ರಿಂದ ಮುಂದೆ ಹೆಚ್ಚಾಗುತ್ತವೆ. ನಿಘಂಟಿನಲ್ಲಿ ಹುಡುಕಿದರೆ ಅವು ಸರಿಯಾಗಿ ಸಿಗುವುದಿಲ್ಲ. 'ಸ್ವಲ್ಪ ಬಾಗಿಲು ಹಾಕಿ' ಎಂದು ನಾವು ಹೇಳುವಾಗ ಬಾಗಿಲನ್ನು ಅರೆಬರೆ ಮುಚ್ಚಿ ಎಂದು ಯಾರೂ ಅರ್ಥ ಮಾಡಿಕೊಳ್ಳುವುದಿಲ್ಲವಷ್ಟೆ. ಆಜ್ಞೆಯನ್ನು ಮೃದುಗೊಳಿಸುವ ಆ 'ಸ್ವಲ್ಪ' ಮಾಡುವ ಕೆಲಸವನ್ನೇ 'ಮಾಲ್' ಮಾಡುತ್ತದೆ. ವೃತ್ತಪತ್ರಿಕೆಯ ಜರ್ಮನ್‌ನಲ್ಲಿ ಇನ್ನೊಬ್ಬರ ಮಾತನ್ನು ವರದಿ ಮಾಡುವಾಗ ಕ್ರಿಯಾಪದಕ್ಕೆ ಬೇರೆಯೇ ರೂಪವಿದೆ. ಮಂತ್ರಿಯೊಬ್ಬರು ತಮಗೆ ಏನೂ ಗೊತ್ತಿರಲಿಲ್ಲವೆಂದು ಹೇಳಿದರೆ ವರದಿಗಾರ 'ಎರ್ ಹಾಬೆ ನಿಶ್ಟ್ಸ್ ಗೆವುಸ್ಟ್' ಎಂದು ಬರೆಯುತ್ತಾನೆ, ಆ ಮಾತಿನ ಸತ್ಯಾಸತ್ಯತೆಯ ಹೊಣೆ ತನ್ನದಲ್ಲವೆಂಬುದು ಆ ಒಂದು ರೂಪದಿಂದಲೇ ತಿಳಿಯುತ್ತದೆ. ನಮ್ಮ 'ಗೊತ್ತಿರಲಿಲ್ಲವಂತೆ' ಎಂಬುದಕ್ಕೆ ಇದು ಹತ್ತಿರದ್ದು, ಆದರೆ ಅಲ್ಲಿ ಅದು ಗಂಭೀರ ಬರವಣಿಗೆಯ ರೂಪ.

ಕನ್ನಡ ನೆರವಿಗೆ ಬಾರದ ಒಂದು ಕ್ಷೇತ್ರವೆಂದರೆ ನಾಮಪದಗಳ ಲಿಂಗ. ನಮ್ಮಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ. ಜರ್ಮನ್‌ನಲ್ಲಿ ಚಮಚ ಪುಲ್ಲಿಂಗ, ಫೋರ್ಕ್ ಸ್ತ್ರೀಲಿಂಗ, ಚಾಕು ನಪುಂಸಕಲಿಂಗ. ತರ್ಕ ಹುಡುಕದೆ ಪ್ರತಿ ನಾಮಪದವನ್ನೂ ಅದರ ಆರ್ಟಿಕಲ್ ಮತ್ತು ಬಹುವಚನದೊಂದಿಗೆ ಕಲಿಯುವುದೊಂದೇ ದಾರಿ. ಆದರೂ ಮಧ್ಯಮ ಹಂತದಲ್ಲಿ ಬರುವ ಅಮೂರ್ತ ಪದಗಳು ದಯೆ ತೋರಿಸುತ್ತವೆ: 'ಉಂಗ್', 'ಹೈಟ್', 'ಕೈಟ್', 'ಶಾಫ್ಟ್', 'ಟೇಟ್' ಎಂದು ಮುಗಿಯುವ ಸಾಧಿತ ಪದಗಳು ಸ್ತ್ರೀಲಿಂಗ, 'ಇಸ್ಮುಸ್' ಎಂದು ಮುಗಿಯುವವು ಪುಲ್ಲಿಂಗ, 'ಶೆನ್' ಸೇರಿಸಿ ಕಿರಿದಾಗಿಸಿದವು ನಪುಂಸಕಲಿಂಗ.

ಇನ್ನು ಸಂಸ್ಕೃತಿಯ ಭಾಗ. ಇದನ್ನು ಬದಿಗಿಟ್ಟರೆ ಭಾಷೆ ಉಳಿಯುತ್ತದೆ ಎಂಬ ನಿಮ್ಮ ಎಣಿಕೆಯನ್ನು ನಾನು ಒಪ್ಪಲಾರೆ, ಅದಕ್ಕೆ ನಿಮ್ಮ ಪಠ್ಯದಲ್ಲೇ ಇರಬಹುದಾದ ಒಂದು ಉದಾಹರಣೆ ಕೊಡುತ್ತೇನೆ. ವೋಲ್ಫ್‌ಗಾಂಗ್ ಬೋರ್ಶೆರ್ಟ್ 1921ರಲ್ಲಿ ಹ್ಯಾಂಬರ್ಗಿನಲ್ಲಿ ಹುಟ್ಟಿ, ಯುದ್ಧಭೂಮಿಯಲ್ಲಿಯೂ ಸೆರೆಮನೆಯಲ್ಲಿಯೂ ಆರೋಗ್ಯ ಕಳೆದುಕೊಂಡು 1947ರಲ್ಲಿ ತೀರಿಕೊಂಡ ಲೇಖಕ. ರೊಟ್ಟಿಯ ಕುರಿತ ಅವನ ಪುಟ್ಟ ಕಥೆ 1946ರದ್ದು, ಮತ್ತು ಮಧ್ಯಮ ಹಂತದ ತರಗತಿಗಳಲ್ಲಿ ಬಹಳವಾಗಿ ಓದಿಸಲಾಗುವಂಥದ್ದು. ನಡುರಾತ್ರಿ ಹೆಂಡತಿಗೆ ಎಚ್ಚರವಾಗುತ್ತದೆ. ಗಂಡ ಅಡುಗೆಮನೆಯಲ್ಲಿ ನಿಂತಿದ್ದಾನೆ. ಮೇಜಿನ ಮೇಲೆ ರೊಟ್ಟಿಯ ಚೂರುಗಳಿವೆ. ಏನೋ ಸದ್ದಾಯಿತು ಎಂದು ಅವನು ಸುಳ್ಳು ಹೇಳುತ್ತಾನೆ, ಅವಳು ಆ ಸುಳ್ಳಿಗೆ ಜೊತೆ ನಿಲ್ಲುತ್ತಾಳೆ. ಮರುದಿನ ಸಂಜೆ ತನಗೆ ಈ ರೊಟ್ಟಿ ಅಷ್ಟಾಗಿ ಒಗ್ಗುವುದಿಲ್ಲವೆಂದು ತನ್ನ ಪಾಲಿನ ಒಂದು ಹೋಳನ್ನು ಅವನ ಕಡೆಗೆ ಸರಿಸುತ್ತಾಳೆ. ಈ ಕಥೆಯ ವ್ಯಾಕರಣ ನಿಮ್ಮ ಎ2ಕ್ಕಿಂತ ಹೆಚ್ಚೇನೂ ಇಲ್ಲ, ವಾಕ್ಯಗಳು ಐದಾರು ಪದಗಳವು. ಆದರೂ ಪಡಿತರದಲ್ಲಿ ರೊಟ್ಟಿಯನ್ನು ಅಳೆದು ಕೊಡುತ್ತಿದ್ದ, ಊರಿಗೆ ಊರೇ ಹಸಿದಿದ್ದ ಯುದ್ಧೋತ್ತರ ದಿನಗಳನ್ನು ಅರಿಯದವರು ಪ್ರತಿ ಪದವನ್ನೂ ತಿಳಿದುಕೊಂಡು ಕಥೆಯನ್ನು ಕಳೆದುಕೊಳ್ಳುತ್ತಾರೆ. ಆ ಕಿರು ವಾಕ್ಯಗಳೇ ಏಕೆ ಎಂಬ ಪ್ರಶ್ನೆಗೂ ಉತ್ತರ ಅದೇ ಇತಿಹಾಸದಲ್ಲಿದೆ: ನಾಜಿ ಆಳ್ವಿಕೆಯ ಹನ್ನೆರಡು ವರ್ಷಗಳ ಅಬ್ಬರದ ಪ್ರಚಾರಭಾಷೆಯಿಂದ ಹೊರಬಂದ ಆ ತಲೆಮಾರಿನ ಅನೇಕ ಲೇಖಕರು ಆಡಂಬರವಿಲ್ಲದ ಮಾತನ್ನು ಬಯಸಿ ಆರಿಸಿಕೊಂಡರು.

ಕಥೆಯ ಮಾತು ಹಾಗಿರಲಿ, ದಿನಪತ್ರಿಕೆಯನ್ನೇ ನೋಡಿ. ನವೆಂಬರ್ 9ರಂದು ಜರ್ಮನಿಯ ಯಾವ ಪತ್ರಿಕೆ ತೆರೆದರೂ ಆ ದಿನಾಂಕದ ಬಗ್ಗೆ ಒಂದು ಲೇಖನ ಸಿಗುತ್ತದೆ, ಮತ್ತು ಲೇಖಕರು ಓದುಗರಿಗೆ ನಾಲ್ಕು ಸಂಗತಿಗಳು ಗೊತ್ತಿವೆಯೆಂದು ಭಾವಿಸಿಯೇ ಬರೆದಿರುತ್ತಾರೆ. 1918ರ ಆ ದಿನ ಬರ್ಲಿನ್‌ನಲ್ಲಿ ಗಣರಾಜ್ಯದ ಘೋಷಣೆಯಾಯಿತು. 1923ರಲ್ಲಿ ಮ್ಯೂನಿಕ್‌ನಲ್ಲಿ ಹಿಟ್ಲರ್‌ನ ಕ್ಷಿಪ್ರಕ್ರಾಂತಿಯ ಯತ್ನ ವಿಫಲವಾಯಿತು. 1938ರಲ್ಲಿ ದೇಶದಾದ್ಯಂತ ಯಹೂದಿಗಳ ಮೇಲೆ ದಾಳಿ ನಡೆದು ಅವರ ಪ್ರಾರ್ಥನಾಮಂದಿರಗಳಾದ ಸಿನಗಾಗ್‌ಗಳಿಗೆ ಬೆಂಕಿ ಬಿತ್ತು. 1989ರಲ್ಲಿ ಬರ್ಲಿನ್ ಗೋಡೆ ತೆರೆಯಿತು. ರಾಷ್ಟ್ರೀಯ ದಿನವನ್ನು ಗೋಡೆ ತೆರೆದ ದಿನಕ್ಕೆ ಬದಲಾಗಿ, 1990ರಲ್ಲಿ ಏಕೀಕರಣ ಜಾರಿಗೆ ಬಂದ ಅಕ್ಟೋಬರ್ 3ರಂದು ಏಕೆ ಆಚರಿಸುತ್ತಾರೆ ಎಂಬುದು ಈ ಹಿನ್ನೆಲೆಯಿಲ್ಲದೆ ತಿಳಿಯದು. ಹಾಗೆಯೇ 1949ರ ಸಂವಿಧಾನದ ಮೊದಲ ವಿಧಿ ಮಾನವನ ಘನತೆ ಅಲಂಘನೀಯವೆಂದು ಆರಂಭವಾಗುತ್ತದೆ. ವ್ಯಾಕರಣದ ದೃಷ್ಟಿಯಿಂದ ಅದು ಆರಂಭಿಕ ಹಂತದ ವಾಕ್ಯ, ಆದರೆ ನಾಜಿ ಆಳ್ವಿಕೆ ಕೊನೆಗೊಂಡ ನಾಲ್ಕೇ ವರ್ಷಗಳಲ್ಲಿ ಅದನ್ನು ಎಲ್ಲಕ್ಕಿಂತ ಮೊದಲು ಬರೆದದ್ದು ಏಕೆಂದು ತಿಳಿದವರಿಗೆ ಮಾತ್ರ ಅದರ ತೂಕ ಗೊತ್ತಾಗುತ್ತದೆ. ವಲಸೆಯ ಪಾಠವನ್ನೂ ಅಂಕಿಗಳ ಪಟ್ಟಿಯೆಂದು ಓದಬೇಡಿ. 1955ರಲ್ಲಿ ಇಟಲಿಯೊಂದಿಗೆ, 1961ರಲ್ಲಿ ಟರ್ಕಿಯೊಂದಿಗೆ ಕಾರ್ಮಿಕರ ನೇಮಕದ ಒಪ್ಪಂದಗಳಾದವು, 1973ರಲ್ಲಿ ನೇಮಕ ನಿಂತಿತು, ಬಂದವರಲ್ಲಿ ಲಕ್ಷಾಂತರ ಮಂದಿ ಅಲ್ಲೇ ನೆಲೆಸಿದರು. ಇಂದಿನ ಜರ್ಮನ್ ಸಾಹಿತ್ಯ ಅವರಿಂದಲೂ ಬೆಳೆಯುತ್ತಿದೆ: ಟರ್ಕಿಯಲ್ಲಿ ಹುಟ್ಟಿ, ದೊಡ್ಡವರಾದ ಮೇಲೆ ಜರ್ಮನ್ ಕಲಿತು ಆ ಭಾಷೆಯಲ್ಲೇ ಬರೆದ ಎಮಿನೆ ಸೆವ್ಗಿ ಒಜ್ದಾಮರ್ ಅವರಿಗೆ 2022ರಲ್ಲಿ ಜರ್ಮನ್ ಸಾಹಿತ್ಯದ ಪ್ರಮುಖ ಗೌರವವಾದ ಗೆಯೋರ್ಗ್ ಬ್ಯೂಷ್ನರ್ ಪ್ರಶಸ್ತಿ ಸಂದಿತು. ಕಲಿತ ಭಾಷೆಯಲ್ಲಿ ಒಬ್ಬರು ಎಷ್ಟು ದೂರ ಹೋಗಬಹುದು ಎಂಬುದನ್ನು ಅರಿಯಲು ವಿದ್ಯಾರ್ಥಿಗಳು ಅವರ ಬರಹದ ಒಂದೆರಡು ಪುಟಗಳನ್ನಾದರೂ ಓದಬೇಕೆಂಬುದು ನನ್ನ ಆಸೆ.

ಭಾಷೆ ಜರ್ಮನಿಗೆ ಮಾತ್ರ ಸೇರಿದ್ದಲ್ಲ ಎಂಬುದನ್ನೂ ಗಮನದಲ್ಲಿಡಿ. ಬಿ1 ಪ್ರಮಾಣಪತ್ರದ ಪರೀಕ್ಷೆಯನ್ನು ಗೊಯೆಥೆ ಸಂಸ್ಥೆ, ಆಸ್ಟ್ರಿಯಾದ ಪರೀಕ್ಷಾ ಸಂಸ್ಥೆ ಮತ್ತು ಸ್ವಿಟ್ಜರ್ಲೆಂಡಿನ ಫ್ರೈಬುರ್ಗ್ ವಿಶ್ವವಿದ್ಯಾಲಯ ಕೂಡಿ ರೂಪಿಸಿವೆ, ಆದ್ದರಿಂದ ಮೂರೂ ದೇಶಗಳ ಉಚ್ಚಾರಣೆಗೆ ಕಿವಿ ಹೊಂದಿಕೊಳ್ಳಬೇಕು.

ಓದುವ ವಿಧಾನದ ಬಗ್ಗೆ ಒಂದು ಸಲಹೆ. ವಾರಕ್ಕೆ ಒಂದೇ ಪಠ್ಯವನ್ನು ಆರಿಸಿಕೊಳ್ಳಿ, ಒಂದು ಪುಟಕ್ಕಿಂತ ಹೆಚ್ಚು ಬೇಡ. ಮೊದಲ ಓದಿನಲ್ಲಿ ನಿಘಂಟು ಮುಟ್ಟದೆ ಪ್ರತಿ ವಾಕ್ಯದ ಕ್ರಿಯಾಪದಗಳಿಗೆ ಮಾತ್ರ ಅಡಿಗೆರೆ ಹಾಕಿ, ಒಡೆದ ಕ್ರಿಯಾಪದವಾದರೆ ಎರಡು ತುಂಡುಗಳನ್ನೂ ಗುರುತಿಸಿ, ಬೇರ್ಪಡುವ ಉಪಸರ್ಗವಿದ್ದರೆ ಅದು ವಾಕ್ಯದ ಕೊನೆಯಲ್ಲಿದೆಯೇ ಎಂದು ನೋಡಿ. ಎರಡನೆಯ ಓದಿನಲ್ಲಿ ಕಷ್ಟದ ವಾಕ್ಯಗಳನ್ನು ಕನ್ನಡದ ಕ್ರಮದಲ್ಲಿ ಮನಸ್ಸಿನಲ್ಲೇ ಹೇಳಿಕೊಳ್ಳಿ, ಇಂಗ್ಲಿಷಿಗೆ ತಿರುಗಿಸಬೇಡಿ. ಆ ಮೇಲೆಯೇ ನಿಘಂಟು. ಅದೂ ಬಿ1ರ ನಡುವಿನಿಂದ ಮುಂದೆ ಜರ್ಮನ್‌ನಲ್ಲೇ ಅರ್ಥ ಹೇಳುವ ಡೂಡೆನ್‌ನಂಥದ್ದಾಗಿರಲಿ. ಕೊನೆಗೆ ಪಠ್ಯವನ್ನು ಮುಚ್ಚಿಟ್ಟು ಅದರ ಸಾರವನ್ನು ನೂರೈವತ್ತು ಪದಗಳ ಜರ್ಮನ್‌ನಲ್ಲಿ ಬರೆದು ಅಧ್ಯಾಪಕರಿಗೆ ತೋರಿಸಿ. ಅನುವಾದ ಯಂತ್ರಗಳನ್ನು ಈ ಕೆಲಸ ಮುಗಿಯುವ ಮುನ್ನ ತೆರೆಯಬಾರದು, ಏಕೆಂದರೆ ಅವು ನಿಮ್ಮಿಂದ ಕಸಿದುಕೊಳ್ಳುವುದು ವಾಕ್ಯದ ಕೊನೆಯವರೆಗೆ ಕಾಯುವ ಆ ಅಭ್ಯಾಸವನ್ನೇ. ಕೇಳುವಿಕೆಗೆ ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚೆ ವೆಲ್ಲೆಯ ನಿಧಾನಗತಿಯ ವಾರ್ತೆಗಳು ಉತ್ತಮ. ಅವುಗಳ ಲಿಖಿತ ಪಾಠವೂ ಜೊತೆಗೆ ಸಿಗುತ್ತದೆ.

ಸಮಯದ ನಿರೀಕ್ಷೆಯೂ ವಾಸ್ತವಕ್ಕೆ ಹತ್ತಿರವಿರಲಿ. ಶೂನ್ಯದಿಂದ ಬಿ1 ತಲುಪಲು ತಲಾ 45 ನಿಮಿಷಗಳ 350ರಿಂದ 650, ಬಿ2 ತಲುಪಲು 600ರಿಂದ 800 ಪಾಠಗಳು ಬೇಕಾಗುತ್ತವೆ ಎಂಬುದು ಗೊಯೆಥೆ ಸಂಸ್ಥೆಯ ಅಂದಾಜು. ಬಿ1 ಪರೀಕ್ಷೆಯಲ್ಲಿ ಓದು, ಆಲಿಕೆ, ಬರಹ, ಮಾತು ಎಂಬ ನಾಲ್ಕು ಭಾಗಗಳಿದ್ದು ಪ್ರತಿಯೊಂದರಲ್ಲೂ ನೂರಕ್ಕೆ 60 ಅಂಕ ಬೇಕು. ಮುಂದೆ ಜರ್ಮನ್ ಮಾಧ್ಯಮದ ಸ್ನಾತಕೋತ್ತರ ಪದವಿಗೆ ಸೇರುವ ಇಚ್ಛೆ ಇದ್ದರೆ, ಸಾಮಾನ್ಯವಾಗಿ ಟೆಸ್ಟ್‌ಡಾಫ್ ಪರೀಕ್ಷೆಯ ನಾಲ್ಕೂ ಭಾಗಗಳಲ್ಲಿ ನಾಲ್ಕನೆಯ ಮಟ್ಟವನ್ನು ಅಥವಾ ವಿಶ್ವವಿದ್ಯಾಲಯಗಳೇ ನಡೆಸುವ ಡಿಎಸ್ಎಚ್ ಪರೀಕ್ಷೆಯ ಎರಡನೆಯ ಶ್ರೇಣಿಯನ್ನು ಕೇಳುತ್ತಾರೆ. ಅಲ್ಲಿ ಕೊಡುವ ಪಠ್ಯಗಳು ಸಮಾಜ, ವಿಜ್ಞಾನ, ಚರಿತ್ರೆಗಳನ್ನು ಕುರಿತವೇ ಆಗಿರುತ್ತವೆ. ಸಂಸ್ಕೃತಿಯ ಪಾಠಗಳನ್ನು ಈಗ ಬಿಟ್ಟವರು ಅಲ್ಲಿ ಅದರ ಬೆಲೆ ತೆರುತ್ತಾರೆ.

ನೀವು ಇತಿಹಾಸದ ವಿದ್ಯಾರ್ಥಿನಿ ಎಂದು ಬರೆದಿರುವುದರಿಂದ ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕೆನಿಸುತ್ತದೆ. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪನೆಯಾದ ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದಿತು. 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆಯನ್ನು ಆರಂಭಿಸಿದ ಹೆರ್ಮನ್ ಮೊಗ್ಲಿಂಗ್, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದ ಫರ್ಡಿನಾಂಡ್ ಕಿಟ್ಟೆಲ್ ಇಬ್ಬರನ್ನೂ ಕನ್ನಡಿಗರು ಗೌರವದಿಂದ ನೆನೆಯುತ್ತಾರೆ. ಆದರೆ ಆ ಮಿಷನ್ನಿನವರು ಮಂಗಳೂರು, ಧಾರವಾಡ, ಹುಬ್ಬಳ್ಳಿ, ಕೊಡಗುಗಳಿಂದ ತಮ್ಮ ಕೇಂದ್ರಕ್ಕೆ ಬರೆದ ಪತ್ರಗಳೂ ವರದಿಗಳೂ ಬಹುಪಾಲು ಜರ್ಮನ್‌ನಲ್ಲಿದ್ದು ಬಾಸೆಲ್ ನಗರದ ದಾಖಲೆ ಸಂಗ್ರಹದಲ್ಲಿವೆ. ಹತ್ತೊಂಬತ್ತನೆಯ ಶತಮಾನದ ನಮ್ಮ ಊರುಗಳ ಶಾಲೆ, ಮುದ್ರಣ, ನೇಯ್ಗೆ, ಹೆಂಚಿನ ಕಾರ್ಖಾನೆ, ಬರಗಾಲ, ಜಾತಿ ವ್ಯವಹಾರಗಳನ್ನು ಕುರಿತ ಈ ಸಾಮಗ್ರಿಯನ್ನು, ಬರೆದವರ ಮತಪ್ರಚಾರದ ದೃಷ್ಟಿಯನ್ನು ಗಮನದಲ್ಲಿಟ್ಟುಕೊಂಡು, ಮೂಲ ಭಾಷೆಯಲ್ಲಿ ಓದಬಲ್ಲ ಕನ್ನಡದ ಇತಿಹಾಸಕಾರರು ನಮಗೆ ಬೇಕಾಗಿದ್ದಾರೆ. ಆ ಕೆಲಸಕ್ಕೆ ಬಿ2 ಹಂತದ ಭಾಷೆಯೂ, ಆ ಕಾಲದ ನೈಋತ್ಯ ಜರ್ಮನಿಯ ವ್ಯೂರ್ಟೆಂಬೆರ್ಗ್ ಪ್ರಾಂತದ ಧಾರ್ಮಿಕ ಬದುಕಿನ ತಿಳಿವಳಿಕೆಯೂ ಬೇಕು, ಏಕೆಂದರೆ ಮಿಷನರಿಗಳಲ್ಲಿ ಬಹಳ ಮಂದಿ ಅಲ್ಲಿಂದಲೇ ಬಂದವರು. ಕೈಬರಹದ ಪತ್ರಗಳು ಕುರೆಂಟ್ ಎಂಬ ಹಳೆಯ ಲಿಪಿಯಲ್ಲಿರುವುದರಿಂದ ಅವುಗಳಿಗೆ ಪ್ರತ್ಯೇಕ ತರಬೇತಿ ಬೇಕಾಗುತ್ತದೆ. ಮುದ್ರಿತ ವಾರ್ಷಿಕ ವರದಿಗಳಲ್ಲಿರುವ ಫ್ರಾಕ್ಟೂರ್ ಅಕ್ಷರಗಳನ್ನಾದರೆ ಕೆಲವು ದಿನಗಳ ಅಭ್ಯಾಸದಿಂದ ಓದಬಹುದು. ಬಿ1 ಮುಗಿದ ಕೂಡಲೇ ಅಂಥ ವರದಿಯ ಎರಡು ಮೂರು ಪುಟಗಳನ್ನು ಕಿರು ಪ್ರಬಂಧದ ವಿಷಯವಾಗಿ ತೆಗೆದುಕೊಳ್ಳಲು ಸಾಧ್ಯವೇ ಎಂದು ನಿಮ್ಮ ಜರ್ಮನ್ ಅಧ್ಯಾಪಕರನ್ನೂ ಇತಿಹಾಸದ ಅಧ್ಯಾಪಕರನ್ನೂ ಒಟ್ಟಿಗೆ ಕೂರಿಸಿ ಕೇಳಿನೋಡಿ.